ಜುಹು, ಜಕ್ಕೂರು, ನಡುವೆ ನಮ್ಮ ಎರೆಹೊಲ

1932ರ ಅಕ್ಟೋಬರ್ 15, ಶನಿವಾರ. ಬೆಳಿಗ್ಗೆ ಕರಾಚಿಯ ಡ್ರಿಗ್ ರೋಡ್ ಮೈದಾನದಿಂದ ಎದ್ದ ಒಂದೇ ಎಂಜಿನ್ನಿನ ಪುಸ್ ಮಾತ್ ವಿಮಾನ ಅಹಮದಾಬಾದಿನಲ್ಲಿ ಎಣ್ಣೆ ಹಾಕಿಸಿಕೊಂಡು ಮಧ್ಯಾಹ್ನದ ಹೊತ್ತಿಗೆ ಮುಂಬಯಿಯ ಜುಹು ಬಯಲಿನಲ್ಲಿ ಇಳಿಯಿತು. ಆ ಎಣ್ಣೆ ಬಂದದ್ದು ಎತ್ತಿನ ಗಾಡಿಯಲ್ಲಿ, ಬರ್ಮಾ ಶೆಲ್ ಕಂಪನಿಯ ಡಬ್ಬಿಗಳಲ್ಲಿ. ವಿಮಾನ ನಡೆಸಿದವರು ಜೆ.ಆರ್.ಡಿ. ಟಾಟಾ. ಹೊತ್ತು ತಂದದ್ದು ಲಂಡನ್ ಕಡೆಯಿಂದ ಇಂಪೀರಿಯಲ್ ಏರ್‌ವೇಸ್ ಕರಾಚಿಗೆ ತಂದಿಳಿಸಿದ್ದ ಟಪಾಲು. ಜುಹುದಿಂದ ಮುಂದೆ ಮದರಾಸಿನ ಟಪಾಲನ್ನು ನೆವಿಲ್ ವಿನ್ಸೆಂಟ್ ಹೊತ್ತುಕೊಂಡು ಆಗ್ನೇಯಕ್ಕೆ ಹಾರಿದ. ರಾತ್ರಿ ವಸ್ತಿ ಬಳ್ಳಾರಿಯಲ್ಲಿ, ಮರುದಿನ ಮದರಾಸು. ಭಾರತದ ನಾಗರಿಕ ವಿಮಾನಯಾನದ ಚರಿತ್ರೆ ಬರೆದವರೆಲ್ಲ ಈ ದಿನವನ್ನು ಬರೆಯುತ್ತಾರೆ. ಕರಾಚಿ–ಮುಂಬಯಿ ಭಾಗವನ್ನು ವಿಸ್ತಾರವಾಗಿ, ಬಳ್ಳಾರಿಯನ್ನು ಒಂದು ಸಾಲಿನಲ್ಲಿ.

ಆ ಒಂದು ಸಾಲಿನ ಮೇಲೆಯೇ ನನ್ನ ಕಣ್ಣು. ನಕ್ಷೆಯ ಮೇಲೆ ಜುಹುವಿಗೂ ಬಳ್ಳಾರಿಗೂ ಪಟ್ಟಿ ಇಟ್ಟು ಗೆರೆ ಎಳೆದರೆ ಸುಮಾರು ಆರು ನೂರು ಕಿಲೋಮೀಟರ್. ಆ ಗೆರೆ ಅಥಣಿಗೂ ತಿಕೋಟಾಕ್ಕೂ ನಡುವೆ ಹಾದು, ಜಮಖಂಡಿಯನ್ನು ಬಲಕ್ಕೆ, ಬಬಲೇಶ್ವರವನ್ನು ಎಡಕ್ಕೆ ಬಿಟ್ಟು, ಕೃಷ್ಣೆಯನ್ನು ದಾಟಿ ಹುನಗುಂದದ ಆಸುಪಾಸಿನಿಂದ ಬಳ್ಳಾರಿಗೆ ಹೋಗುತ್ತದೆ. ಪೈಲಟ್ ಏನೂ ಗೆರೆ ಹಿಡಿದೇ ಹಾರುತ್ತಿರಲಿಲ್ಲ ಅನ್ನಿ. ಗಾಳಿ, ಮೋಡ, ಗುರುತಿನ ಗುಡ್ಡ, ಹೊಳೆ ನೋಡಿಕೊಂಡು ದಾರಿ ಅತ್ತಿತ್ತ ಆಗುತ್ತಿತ್ತು. ಆದರೂ ಆಗಿನ ಬಿಜಾಪುರ (ಈಗ ವಿಜಯಪುರ) ಜಿಲ್ಲೆಯನ್ನು ಬಿಟ್ಟು ಆ ಹಾದಿ ಇರಲಿಲ್ಲ. ಅಕ್ಟೋಬರ್ ನಡುಭಾಗ ನಮ್ಮಲ್ಲಿ ಹಿಂಗಾರಿ ಜೋಳದ ಬಿತ್ತನೆಯ ಕಾಲ. ವಾರಕ್ಕೊಮ್ಮೆ ಹೋಗಿ ಬರುತ್ತಿದ್ದ ಆ ಟಪಾಲು ವಿಮಾನದ ಸದ್ದಿಗೆ ಕೂರಿಗೆ ಹಿಡಿದ ಯಾರಾದರೂ ಎತ್ತು ನಿಲ್ಲಿಸಿ ಮೇಲೆ ನೋಡಿರಬೇಕು. ವಿಮಾನ ಮೇಲಿಂದ ಹೋಯಿತು, ಇಳಿಯಲಿಲ್ಲ. ಮುಂದಿನ ತೊಂಬತ್ತು ವರ್ಷ ನಮ್ಮ ಕಡೆಯ ಕಥೆ ಹೆಚ್ಚುಕಡಿಮೆ ಇದೇ.

ಟಾಟಾ ಹಾರಲು ಕಲಿತದ್ದು ಎಲ್ಲಿ ಎಂದು ಕೇಳಿದರೆ ಫ್ಲೈಯಿಂಗ್ ಕ್ಲಬ್ಬುಗಳ ಕಥೆ ತೆರೆದುಕೊಳ್ಳುತ್ತದೆ. ಮೊದಲ ಮಹಾಯುದ್ಧ ಮುಗಿದ ಮೇಲೆ ಇಂಗ್ಲೆಂಡಿನಲ್ಲಿ ವಿಮಾನಗಳಿಗೂ ಕೊರತೆ ಇರಲಿಲ್ಲ, ಪೈಲಟ್‌ಗಳಿಗೂ ಕೊರತೆ ಇರಲಿಲ್ಲ. ಸಾಮಾನ್ಯ ಮನುಷ್ಯ ಇಟ್ಟುಕೊಳ್ಳಬಹುದಾದ ವಿಮಾನ ಮಾತ್ರ ಇರಲಿಲ್ಲ. 1925ರ ಫೆಬ್ರವರಿಯಲ್ಲಿ ಜೆಫ್ರಿ ಡಿ ಹ್ಯಾವಿಲ್ಯಾಂಡ್ ಹಾರಿಸಿದ ಡಿಎಚ್-60 ಮಾತ್ ಆ ಕೊರತೆ ನೀಗಿಸಿತು. ಕಟ್ಟಿಗೆಯ ಚೌಕಟ್ಟು, ಎರಡು ಆಸನ, ಮೇಲೆ ಛಾವಣಿ ಇಲ್ಲ, ಅರವತ್ತು ಅಶ್ವಶಕ್ತಿಯ ಎಂಜಿನ್. ರೆಕ್ಕೆಗಳನ್ನು ಹಿಂದಕ್ಕೆ ಮಡಚಿದರೆ ಸಾಧಾರಣ ಶೆಡ್ಡಿನಲ್ಲೂ ನಿಲ್ಲುತ್ತಿತ್ತು. ಹತ್ತಾರು ಜನ ಸೇರಿ ಒಂದನ್ನು ಕೊಂಡು ಸರದಿಯಲ್ಲಿ ಹಾರಬಹುದು ಎಂಬ ಲೆಕ್ಕ ಹುಟ್ಟಿದ್ದು ಇದರಿಂದ. ಬ್ರಿಟನ್ನಿನ ನಾಗರಿಕ ವಿಮಾನಯಾನದ ಮುಖ್ಯಸ್ಥ ಸೆಫ್ಟನ್ ಬ್ರಾಂಕರ್ ಆ ಲೆಕ್ಕವನ್ನು ಭಾರತಕ್ಕೂ ಹೇಳಿಕೊಟ್ಟ. 1927ರಲ್ಲಿ ಏರೋ ಕ್ಲಬ್ ಆಫ್ ಇಂಡಿಯಾ ಆ್ಯಂಡ್ ಬರ್ಮಾ ಹುಟ್ಟಿತು. ಮರುವರ್ಷದಿಂದ ದಿಲ್ಲಿ, ಮುಂಬಯಿ, ಕರಾಚಿ, ಕಲಕತ್ತೆ, ಆಮೇಲೆ ಮದರಾಸು ಎಂದು ಒಂದೊಂದೇ ಊರು ಕ್ಲಬ್ ಕಟ್ಟಿಕೊಂಡಿತು. ಸರ್ಕಾರ ವಿಮಾನ ಕೊಟ್ಟಿತು, ಸಹಾಯಧನ ಕೊಟ್ಟಿತು. ಇದನ್ನು ನೆನಪಿಡಬೇಕು. ಶ್ರೀಮಂತರ ಶೋಕಿಯ ಜಾಗ ಎಂದು ನಾವು ಮೂಗು ಮುರಿಯುವ ಈ ಕ್ಲಬ್ಬುಗಳು ನಮ್ಮ ದೇಶದಲ್ಲಿ ಮೊದಲ ದಿನದಿಂದಲೂ ಅರ್ಧ ಸರ್ಕಾರಿ ಖರ್ಚಿನ ಮೇಲೆಯೇ ನಡೆದವು.

ಜುಹುದ ಕ್ಲಬ್ 1929ರ ಜನವರಿಯಲ್ಲಿ ಕಲಿಸಲು ಶುರು ಮಾಡಿದ ಹೊಸದರಲ್ಲೇ ಇಪ್ಪತ್ನಾಲ್ಕರ ಜೆ.ಆರ್.ಡಿ. ಅಲ್ಲಿ ಹಾಜರು. ಬೋಧಕನ ಜೊತೆ ಕೂತು ಕಲಿತದ್ದು ಮೂರೂಮುಕ್ಕಾಲು ಗಂಟೆ ಮಾತ್ರ, ಆಮೇಲೆ ಒಬ್ಬರೇ ಹಾರಿದರು. ಫೆಬ್ರವರಿ 10ಕ್ಕೆ ಲೈಸೆನ್ಸ್ ಕೈಗೆ ಬಂತು. ಏರೋ ಕ್ಲಬ್ ಭಾರತದಲ್ಲಿ ಕೊಟ್ಟ ಮೊದಲನೆಯ ನಂಬರಿನ ಲೈಸೆನ್ಸ್ ಅದು. ಈಗ ಮೋಟಾರ್ ಸೈಕಲ್ ಲೈಸೆನ್ಸಿಗೂ ಇದಕ್ಕಿಂತ ಹೆಚ್ಚು ದಿನ ಬೇಕು.

ಆ ಕಾಲದ ಕ್ಲಬ್ಬಿಗರ ಸ್ವಭಾವ ತಿಳಿಯಬೇಕೆಂದರೆ ಆಗಾ ಖಾನ್ ಬಹುಮಾನದ ಪ್ರಸಂಗ ಸಾಕು. ಇಂಗ್ಲೆಂಡಿಗೂ ಭಾರತಕ್ಕೂ ನಡುವೆ ಒಬ್ಬನೇ ಹಾರಿ ತಲುಪುವ ಮೊದಲ ಭಾರತೀಯನಿಗೆ 500 ಪೌಂಡ್ ಎಂದು ಆಗಾ ಖಾನ್ ಘೋಷಿಸಿದ್ದರು. 1930ರಲ್ಲಿ ಮೂವರು ಹೊರಟರು. ಮನಮೋಹನ ಸಿಂಗ್ ಎಂಬ ಪಂಜಾಬಿ ತರುಣ, ಹದಿಹರೆಯದ ಆಸ್ಪಿ ಎಂಜಿನಿಯರ್, ಮತ್ತು ಕರಾಚಿ ಕಡೆಯಿಂದ ಇಂಗ್ಲೆಂಡಿನತ್ತ ಟಾಟಾ. ಎದುರುಬದುರು ಬರುತ್ತಿದ್ದ ಟಾಟಾ ಮತ್ತು ಆಸ್ಪಿ ಈಜಿಪ್ಟಿನ ಅಬೂಕೀರ್‌ನಲ್ಲಿ ಭೇಟಿಯಾದರು. ಆಸ್ಪಿಯ ವಿಮಾನಕ್ಕೆ ಸ್ಪಾರ್ಕ್ ಪ್ಲಗ್ ಇಲ್ಲದೆ ಹುಡುಗ ಅಲ್ಲೇ ಸಿಕ್ಕಿಬಿದ್ದಿದ್ದ. ಟಾಟಾ ತಮ್ಮ ಹತ್ತಿರ ಹೆಚ್ಚಿಗೆ ಇದ್ದ ಪ್ಲಗ್ ಕೊಟ್ಟು ಮುಂದೆ ಹೋದರು. ಆಸ್ಪಿ ಕರಾಚಿಗೆ ಮೊದಲು ಮುಟ್ಟಿ ಬಹುಮಾನ ಗೆದ್ದ. ಸೋತವರು ಎರಡು ವರ್ಷಕ್ಕೆ ವಿಮಾನ ಕಂಪನಿ ಕಟ್ಟಿದರು, ಗೆದ್ದವನು ಮುಂದೆ 1960ರಿಂದ 64ರವರೆಗೆ ಭಾರತೀಯ ವಾಯುಪಡೆಯ ಮುಖ್ಯಸ್ಥನಾದ. ಎರಡೂ ಹಾದಿ ಸಣ್ಣ ಮಾತ್ ವಿಮಾನದಿಂದಲೇ ಹೊರಟದ್ದು.

ನಮ್ಮ ಜಿಲ್ಲೆಗೆ ಇದರಲ್ಲಿ ಏನಾದರೂ ಪಾಲಿತ್ತೇ? ಕಾಗದದ ಮೇಲೆ ಇತ್ತು. 1956ರ ನವೆಂಬರ್ 1ರವರೆಗೆ ಬಿಜಾಪುರ ಮುಂಬಯಿ ಪ್ರಾಂತ್ಯದ ಜಿಲ್ಲೆ. ಹಾಗಾಗಿ ಬಬಲೇಶ್ವರದ ಹುಡುಗನ ಸ್ವಂತ ಪ್ರಾಂತ್ಯದ ಫ್ಲೈಯಿಂಗ್ ಕ್ಲಬ್ ಎಂದರೆ ಜುಹು. ಹೋಟಗಿ–ಗದಗ ಮೀಟರ್‌ಗೇಜ್ ರೈಲು ಹಿಡಿದು ಹೋಟಗಿಯಲ್ಲಿ ಇಳಿದು, ಗಾಡಿ ಬದಲಿಸಿ ಸೊಲ್ಲಾಪುರ, ಪುಣೆ ದಾಟಿ ಸಮುದ್ರದವರೆಗೆ ಹೋಗಬೇಕು. ಹೋದ ಮೇಲೂ ಮಳೆಗಾಲದಲ್ಲಿ ಜುಹು ಕೆಸರಿನ ಬಯಲು, ವಿಮಾನಗಳೆಲ್ಲ ಪುಣೆ ಕಡೆಗೆ ಸಾಗುತ್ತಿದ್ದವು. ಪೂರ್ವಕ್ಕೆ ನೋಡಿದರೆ ಹೈದರಾಬಾದ್ ಸಂಸ್ಥಾನದ ಏರೋ ಕ್ಲಬ್ ಬೇಗಂಪೇಟೆಯಲ್ಲಿತ್ತು, ಅದು ನಿಜಾಮರ ಪ್ರಜೆಗಳಿಗೆ. ಬಿಜಾಪುರದಲ್ಲಿ ಕ್ಲಬ್ ಕಟ್ಟಲು ಬೇಕಾದದ್ದು ಯಾವುದೂ ಇರಲಿಲ್ಲ. ದಂಡಿನ ಕ್ಯಾಂಪ್ ಇಲ್ಲ, ಗಿರಣಿ ಮಾಲೀಕರಿಲ್ಲ, ಹವ್ಯಾಸಕ್ಕೆ ಹಣ ಸುರಿಯುವ ರಾಜಮನೆತನ ಇಲ್ಲ. ಇದ್ದದ್ದು ಬರ.

ನೆಲವೂ ಒಪ್ಪುವಂಥದ್ದಲ್ಲ. ಡೋಣಿ ಹೊಳೆಯ ಸಾಲಿನ ಎರೆಮಣ್ಣು ಬೇಸಿಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಬಿರಿಯುತ್ತದೆ, ಮಳೆಯಲ್ಲಿ ಉಬ್ಬಿ ಅಂಟಾಗುತ್ತದೆ. ಜೋಳಕ್ಕೆ ಇಂಥ ನೆಲ ಮತ್ತೊಂದಿಲ್ಲ, ಗಾಲಿಗೆ ಇಂಥ ಶತ್ರು ಮತ್ತೊಂದಿಲ್ಲ. ಹುಲ್ಲು ಬಯಲಿನಲ್ಲೇ ಏರಿಳಿಯುತ್ತಿದ್ದ ಆಗಿನ ವಿಮಾನಗಳು ಒಂದು ಹದ ಮಳೆಗೆ ಇಲ್ಲಿ ವಾರಗಟ್ಟಲೆ ನಿಂತಲ್ಲೇ ನಿಲ್ಲಬೇಕಾಗುತ್ತಿತ್ತು. ಹಾಗೆ ನೋಡಿದರೆ ಮೇಲೆ ಹಾರುವವನಿಗೆ ಮಾತ್ರ ಈ ಸೀಮೆ ಹಿತ. ಬೆಟ್ಟವಿಲ್ಲ, ಕಾಡಿಲ್ಲ. ರೇಡಿಯೊ ಇಲ್ಲದ ಕಾಲದಲ್ಲಿ ಹಳಿ, ಹೊಳೆ, ಎತ್ತರದ ಕಟ್ಟಡ ನೋಡಿ ದಾರಿ ಕಂಡುಕೊಳ್ಳುತ್ತಿದ್ದವನಿಗೆ ನಲವತ್ತನಾಲ್ಕು ಮೀಟರ್ ಅಗಲದ ಗೋಳಗುಮ್ಮಟದ ಗುಂಬಜಕ್ಕಿಂತ ಒಳ್ಳೆಯ ಗುರುತು ಯಾವುದಿದ್ದೀತು? 1656ರಲ್ಲಿ ಮುಗಿದ ಆ ಗೋರಿ ವಿಮಾನಗಳಿಗಾಗಿ ಕಟ್ಟಿದ್ದಲ್ಲ, ಆದರೆ ಅಷ್ಟು ಬಯಲಿನ ನಡುವೆ ಅದನ್ನು ತಪ್ಪಿಸಿಕೊಳ್ಳಲು ಸಾಧ್ಯವಿರಲಿಲ್ಲ.

ಎರಡನೇ ಮಹಾಯುದ್ಧ ಎಲ್ಲವನ್ನೂ ಕಲಕಿತು. ಕ್ಲಬ್ಬುಗಳು ಯುದ್ಧದ ಪೈಲಟ್‌ಗಳನ್ನು ತಯಾರು ಮಾಡುವ ಶಾಲೆಗಳಾದವು. ಬೆಳಗಾವಿಯ ಸಾಂಬ್ರಾದಲ್ಲಿ 1942ರಲ್ಲಿ ರಾಯಲ್ ಏರ್ ಫೋರ್ಸಿನ ವಿಮಾನ ನೆಲೆ ಎದ್ದಿತು. ಇನ್ನೊಂದು ಕಡೆ, ನಮ್ಮ ನೆರೆಯ ಸೊಲ್ಲಾಪುರದಲ್ಲಿ ಹುಟ್ಟಿದ ವಾಲಚಂದ ಹಿರಾಚಂದ ಮೈಸೂರು ಸಂಸ್ಥಾನದ ಬಾಗಿಲು ತಟ್ಟಿದರು. ದಿವಾನ ಮಿರ್ಜಾ ಇಸ್ಮಾಯಿಲ್ ಜಾಗ ಕೊಟ್ಟರು, ಸಂಸ್ಥಾನ 25 ಲಕ್ಷ ರೂಪಾಯಿ ಹಾಕಿತು. 1940ರ ಡಿಸೆಂಬರ್ 23ಕ್ಕೆ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಹುಟ್ಟಿತು. ಸೊಲ್ಲಾಪುರ ನಮಗೆ ಸಂತೆಗೆ, ಆಸ್ಪತ್ರೆಗೆ, ಮದುವೆ ಜವಳಿಗೆ ಹೋಗುವ ಊರು. ಅಲ್ಲಿಯವರೊಬ್ಬರು ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ಹಾಕಿದ್ದು ಈ ಕಡೆಯ ಶಾಲೆಗಳಲ್ಲಿ ಯಾಕೆ ಹೇಳಿಕೊಡುವುದಿಲ್ಲವೋ.

ಆ ಕಾರ್ಖಾನೆಯಲ್ಲೇ ಗಡಹಿಂಗ್ಲಜ ಸೀಮೆಯ ಹಸೂರಚಂಪುದಲ್ಲಿ ಹುಟ್ಟಿದ ವಿಷ್ಣು ಮಾಧವ ಘಾಟಗೆ ಎಚ್‌ಟಿ-2 ತರಬೇತಿ ವಿಮಾನದ ವಿನ್ಯಾಸ ಮಾಡಿದರು. 1951ರ ಆಗಸ್ಟಿನಲ್ಲಿ ಅದು ಹಾರಿತು, ವಾಯುಪಡೆಯ ಹಳೆಯ ಟೈಗರ್ ಮಾತ್‌ಗಳ ಜಾಗಕ್ಕೆ ಬಂತು. ಕ್ಲಬ್ಬುಗಳ ಭಾಗ್ಯ ತೆರೆದದ್ದು ಏಳು ವರ್ಷದ ಮೇಲೆ, 1958ರ ಸೆಪ್ಟೆಂಬರ್ 28ರಂದು ಪುಷ್ಪಕ್ ಹಾರಿದಾಗ. ಎರಡು ಆಸನ ಅಕ್ಕಪಕ್ಕ, ರೆಕ್ಕೆ ತಲೆಯ ಮೇಲೆ, ಚೌಕಟ್ಟಿನ ಮೇಲೆ ಬಿಗಿದ ಬಟ್ಟೆ, ತೊಂಬತ್ತು ಅಶ್ವಶಕ್ತಿಯ ಎಂಜಿನ್. ಅಮೆರಿಕದ ಏರಾಂಕಾ ಚೀಫ್ ವಿಮಾನದ ನೆರಳು ಅದರ ಮೇಲೆ ದಟ್ಟವಾಗಿತ್ತು. ನೂರೈವತ್ತರಷ್ಟು ತಯಾರಾದವು, ದೇಶದ ಕ್ಲಬ್ಬುಗಳಿಗೆಲ್ಲ ಹಂಚಿಹೋದವು. ರಿಪೇರಿ ಸುಲಭ, ತಪ್ಪು ಮಾಡಿದರೂ ಕ್ಷಮಿಸುವ ಗುಣ. ಕಲಿಯುವ ಹುಡುಗರಿಗೆ ಇದಕ್ಕಿಂತ ಹೆಚ್ಚಿನದು ಬೇಕಿರಲಿಲ್ಲ.

ಇಷ್ಟರೊಳಗೆ ಬೆಂಗಳೂರಿನ ಉತ್ತರಕ್ಕೆ, ಬಳ್ಳಾರಿ ರಸ್ತೆಯ ಪಕ್ಕದ ಜಕ್ಕೂರಿನಲ್ಲಿ ಸರ್ಕಾರಿ ವೈಮಾನಿಕ ತರಬೇತಿ ಶಾಲೆ ಶುರುವಾಗಿತ್ತು. ಸ್ವಾತಂತ್ರ್ಯದ ಬೆನ್ನಲ್ಲೇ, ನಲವತ್ತರ ದಶಕ ಮುಗಿಯುವ ಮೊದಲೇ, ಜಯಚಾಮರಾಜೇಂದ್ರ ಒಡೆಯರ ಕಾಲದಲ್ಲಿ ಮೈಸೂರು ಸರ್ಕಾರ ಮಾಡಿದ ಕೆಲಸ ಇದು. ಬೇರೆ ಪ್ರಾಂತ್ಯಗಳಲ್ಲಿ ಕ್ಲಬ್ ಕಟ್ಟಿದವರು ಸದಸ್ಯರು, ಸರ್ಕಾರ ಕೈ ಹಿಡಿಯಿತು. ಮೈಸೂರಿನಲ್ಲಿ ಸರ್ಕಾರವೇ ಶಾಲೆ ತೆರೆಯಿತು. ಮೈಸೂರು ಸಂಸ್ಥಾನದ ಜಾಯಮಾನವೇ ಅದು. ಸೋಪು, ಗಂಧದೆಣ್ಣೆ, ರೇಷ್ಮೆ, ಕಬ್ಬಿಣ ಎಲ್ಲಕ್ಕೂ ಸರ್ಕಾರಿ ಕಾರ್ಖಾನೆ ಇದ್ದ ಮೇಲೆ ಹಾರುವುದಕ್ಕೂ ಸರ್ಕಾರಿ ಶಾಲೆ ಇರಬಾರದೇಕೆ?

1956ರಲ್ಲಿ ರಾಜ್ಯ ಒಂದಾದಾಗ ಬಿಜಾಪುರ ಜಿಲ್ಲೆಯ ಕನಸುಗಳ ದಿಕ್ಕೇ ತಿರುಗಿತು. ಮಾಮಲೇದಾರ ಕಚೇರಿಯ ಕಾಗದ ಮುಂಬಯಿಗೆ ಹೋಗುತ್ತಿದ್ದದ್ದು ಬೆಂಗಳೂರಿಗೆ ಹೋಗತೊಡಗಿತು. ಹಾರಬೇಕೆನ್ನುವ ಹುಡುಗ ಹೋಟಗಿ ಗಾಡಿ ಬಿಟ್ಟು ಗದಗ ಗಾಡಿ ಹತ್ತಬೇಕಾಯಿತು. ವಾಯವ್ಯದ ಜುಹು ಹೋಗಿ ದಕ್ಷಿಣದ ಜಕ್ಕೂರು ಬಂತು. ದೂರ ಏನೂ ಕಡಿಮೆಯಾಗಲಿಲ್ಲ, ಹೆಚ್ಚಾಯಿತು. ಆದರೆ ಜಕ್ಕೂರಿನಲ್ಲಿ ಕನ್ನಡ ಮಾತಾಡಿದರೆ ನಡೆಯುತ್ತಿತ್ತು, ಅರ್ಜಿಯ ಮೇಲೆ ನಮ್ಮದೇ ಸರ್ಕಾರದ ಮುದ್ರೆ ಇರುತ್ತಿತ್ತು. ಇದು ಸಣ್ಣ ವಿಷಯವಲ್ಲ.

ಇಂಥ ಕ್ಲಬ್ಬಿನಲ್ಲಿ, ಶಾಲೆಯಲ್ಲಿ ದಿನ ಹೇಗೆ ಸಾಗುತ್ತದೆ ಎಂದು ನೋಡಿದರೆ ಅದರ ಸೆಳೆತ ತಿಳಿಯುತ್ತದೆ. ಗಾಳಿ ಏಳುವ ಮೊದಲೇ, ಬಿಸಿಲು ನೆಲವನ್ನು ಕಾಯಿಸುವ ಮೊದಲೇ ಕೆಲಸ ಶುರು. ವಿದ್ಯಾರ್ಥಿ ವಿಮಾನದ ಸುತ್ತ ಒಂದು ಪ್ರದಕ್ಷಿಣೆ ಹಾಕುತ್ತಾನೆ. ರೆಕ್ಕೆಯ ತುದಿ, ಬಾಲದ ಕೀಲು, ಗಾಲಿಯ ಗಾಳಿ ಎಲ್ಲ ಕೈಯಾಡಿಸಿ ನೋಡುತ್ತಾನೆ. ಟ್ಯಾಂಕಿನ ತಳದಿಂದ ಒಂದು ಲೋಟದಷ್ಟು ಎಣ್ಣೆ ಬಸಿದು ಬೆಳಕಿಗೆ ಹಿಡಿಯುತ್ತಾನೆ, ನೀರಿನ ಹನಿ ಕೂತಿದೆಯೋ ಎಂದು. ಗಾಳಿಚೀಲ ಯಾವ ಕಡೆ ಮುಖ ಮಾಡಿದೆ ನೋಡಿ ಗಾಳಿಗೆ ಎದುರಾಗಿ ಓಡಿಸಿ ಮೇಲೇಳುತ್ತಾನೆ. ಸಾವಿರ ಅಡಿ ಏರಿ ಎಡಕ್ಕೆ ತಿರುಗು, ಮತ್ತೆ ಎಡಕ್ಕೆ, ರನ್‌ವೇ ಎಡ ಭುಜದ ಕೆಳಗೆ ಹಿಂದಕ್ಕೆ ಸರಿಯುವುದನ್ನು ನೋಡು, ಎಂಜಿನ್ ತಗ್ಗಿಸು, ಮತ್ತೆರಡು ತಿರುವು, ಇಳಿ. ಮುಟ್ಟಿದ ಕೂಡಲೇ ಮತ್ತೆ ಏಳು. ಒಂದು ಸುತ್ತು ಐದಾರು ನಿಮಿಷ. ಇದನ್ನೇ ವಾರಗಟ್ಟಲೆ ಮಾಡಬೇಕು. ನೋಡುವವರಿಗೆ ಬೇಸರ, ಮಾಡುವವನಿಗೆ ಪ್ರತಿ ಸಲವೂ ಬೇರೆ. ಏಕೆಂದರೆ ಗಾಳಿ ನಿನ್ನೆಯದಲ್ಲ.

ಒಂದು ಬೆಳಿಗ್ಗೆ ಬೋಧಕ ಹೀಗೆ ಇಳಿದ ಮೇಲೆ ತನ್ನ ಪಟ್ಟಿ ಬಿಚ್ಚಿ ಬಾಗಿಲು ತೆಗೆದು ಹೊರಗೆ ಕಾಲಿಡುತ್ತಾನೆ. ‘ಒಬ್ಬನೇ ಒಂದು ಸುತ್ತು ಹಾಕಿ ಬಾ’ ಎಂದಷ್ಟೇ ಹೇಳುತ್ತಾನೆ. ಪಕ್ಕದ ಭಾರ ಇಳಿದದ್ದರಿಂದ ವಿಮಾನ ಎಂದಿಗಿಂತ ಬೇಗ ನೆಲ ಬಿಡುತ್ತದೆ. ಮೇಲೆ ಹೋದ ಮೇಲೆ ಇಳಿಸುವವರು ಬೇರೆ ಯಾರೂ ಇಲ್ಲ. ಜಗತ್ತಿನ ಯಾವ ಪೈಲಟ್‌ನನ್ನು ಕೇಳಿದರೂ ಸಾವಿರಾರು ಗಂಟೆ ಮರೆತಿರುತ್ತಾನೆ, ಆ ಐದು ನಿಮಿಷ ಮರೆತಿರುವುದಿಲ್ಲ. ಟಾಟಾ ಅವರೂ ಮರೆತಿರಲಿಲ್ಲ. ಮೊದಲ ಟಪಾಲು ಹಾರಾಟದ ಐವತ್ತನೇ ವರ್ಷ, 1982ರಲ್ಲಿ, ಎಪ್ಪತ್ತೆಂಟರ ವಯಸ್ಸಿನಲ್ಲಿ ಹಳೆಯ ಲೆಪರ್ಡ್ ಮಾತ್ ಒಂದನ್ನು ಸಜ್ಜು ಮಾಡಿಸಿ ಅದೇ ಕರಾಚಿ–ಮುಂಬಯಿ ದಾರಿಯಲ್ಲಿ ಒಬ್ಬರೇ ಹಾರಿ ಬಂದರು.

ಆದರೆ ಕ್ಲಬ್ಬಿನ ಮಹತ್ವ ಹಾರುವವರಿಗಷ್ಟೇ ಸೀಮಿತ ಎಂದು ನನಗೆ ಅನ್ನಿಸುವುದಿಲ್ಲ. ಹರಿಯಾಣದ ಕರ್ನಾಲ್ ನಮ್ಮ ವಿಜಯಪುರದಂಥದೇ ಒಂದು ಜಿಲ್ಲಾ ಕೇಂದ್ರ. ಸುತ್ತ ಹೊಲ, ನಡುವೆ ಪೇಟೆ. ಒಂದೇ ವ್ಯತ್ಯಾಸ, ಅಲ್ಲಿ ಫ್ಲೈಯಿಂಗ್ ಕ್ಲಬ್ ಇತ್ತು. ಆ ಊರಿನ ಮಕ್ಕಳು ಮನೆಯ ಮೇಲೆ ಪುಷ್ಪಕ್ ಹಾರುವುದನ್ನು ದಿನಾ ನೋಡುತ್ತಿದ್ದರು. 1962ರಲ್ಲಿ ಅಲ್ಲಿ ಹುಟ್ಟಿದ ಒಬ್ಬ ಹುಡುಗಿ ಅಪ್ಪನನ್ನು ಕಾಡಿ ಆ ಕ್ಲಬ್ಬಿಗೆ ಹೋಗಿ, ಪುಷ್ಪಕ್‌ನಲ್ಲಿ ಕೂತು, ಮೇಲಿಂದ ತನ್ನೂರು ನೋಡಿ ಬಂದಳು. ಕಲ್ಪನಾ ಚಾವ್ಲಾ ಮುಂದೆ ಬಾಹ್ಯಾಕಾಶಕ್ಕೆ ಹೋದ ಮೇಲೂ ತನ್ನೂರಿನ ಕ್ಲಬ್ಬನ್ನೂ ಪುಷ್ಪಕ್ಕನ್ನೂ ನೆನೆಯುತ್ತಿದ್ದಳು. ಕ್ಲಬ್ ಇದ್ದ ಊರಿನಲ್ಲೆಲ್ಲ ಗಗನಯಾತ್ರಿಗಳು ಹುಟ್ಟುತ್ತಾರೆ ಎಂದು ನಾನು ಹೇಳುತ್ತಿಲ್ಲ. ಕ್ಲಬ್ ಇಲ್ಲದ ಊರಿನ ಮಗುವಿಗೆ ವಿಮಾನ ಎನ್ನುವುದು ಒಂದು ಸದ್ದು, ಒಂದು ಬಿಳಿ ಗೆರೆ, ಅಷ್ಟೇ. ಅದಕ್ಕೂ ಬಾಗಿಲು, ಗಾಲಿ, ನಟ್ಟುಬೋಲ್ಟು ಇವೆ, ಅದನ್ನು ತನ್ನಂಥವರೇ ರಿಪೇರಿ ಮಾಡುತ್ತಾರೆ ಎಂದು ತಿಳಿಯಲು ಬೇಲಿಯ ಹತ್ತಿರ ನಿಂತು ನೋಡಬೇಕು.

ನಮಗೆ ಆ ಬೇಲಿ ಸಿಗಲಿಲ್ಲ. ಅದರ ಬದಲು ಸಿಕ್ಕದ್ದು ಸೈನಿಕ ಶಾಲೆ. 1963ರ ಸೆಪ್ಟೆಂಬರಿನಲ್ಲಿ ಬಿಜಾಪುರದಲ್ಲಿ ಸೈನಿಕ ಶಾಲೆ ಆರಂಭವಾಯಿತು. ಚೀನಾ ಯುದ್ಧದ ಪೆಟ್ಟು ಇನ್ನೂ ಹಸಿಯಾಗಿದ್ದ ಕಾಲ. ಅದೇ ವರ್ಷ ಬೀದರಿನಲ್ಲಿ ವಾಯುಪಡೆ ಪ್ರಾಥಮಿಕ ಹಾರಾಟ ಶಾಲೆ ತೆರೆದು ಘಾಟಗೆಯವರ ಎಚ್‌ಟಿ-2ಗಳನ್ನು ತಂದು ನಿಲ್ಲಿಸಿತು. ಹೀಗಾಗಿ ನಮ್ಮ ಕಡೆಯ ರೈತರ ಮಕ್ಕಳಿಗೆ ಆಕಾಶಕ್ಕೆ ಒಂದು ದಾರಿ ತೆರೆಯಿತು. ಆರನೇ ಇಯತ್ತೆಗೆ ಪ್ರವೇಶ ಪರೀಕ್ಷೆ, ಸೈನಿಕ ಶಾಲೆ, ಅಲ್ಲಿಂದ ಖಡಕವಾಸ್ಲದ ರಾಷ್ಟ್ರೀಯ ರಕ್ಷಣಾ ಅಕಾಡೆಮಿ (ಎನ್‌ಡಿಎ), ಅಲ್ಲಿಂದ ವಾಯುಪಡೆ. ಖರ್ಚು ಕಡಿಮೆ, ಮರ್ಯಾದೆ ಹೆಚ್ಚು, ಆದರೆ ಬಾಗಿಲು ಕಿರಿದು. ಮೆಡಿಕಲ್ ತಪಾಸಣೆಯಲ್ಲಿ ಕಣ್ಣು ಸ್ವಲ್ಪ ಮಂದ ಎಂದರೂ ಕಥೆ ಮುಗಿಯಿತು. ಹುಡುಗಿಯರಿಗಂತೂ ಸೈನಿಕ ಶಾಲೆಗಳ ಬಾಗಿಲು ತೆರೆಯಲು ಅರ್ಧ ಶತಮಾನಕ್ಕೂ ಮಿಕ್ಕಿ ಬೇಕಾಯಿತು. ಕರ್ನಾಲ್‌ನ ಆ ಹುಡುಗಿ ಬಿಜಾಪುರದಲ್ಲಿ ಹುಟ್ಟಿದ್ದರೆ ಯಾವ ಬಾಗಿಲು ತಟ್ಟುತ್ತಿದ್ದಳು ಎಂದು ಕೇಳಿಕೊಂಡರೆ ಕ್ಲಬ್ಬಿಗೂ ಸೈನಿಕ ಶಾಲೆಗೂ ಇರುವ ಅಂತರ ಗೊತ್ತಾಗುತ್ತದೆ. ಕ್ಲಬ್ಬಿನಲ್ಲಿ ಆಯ್ಕೆಯಾಗುವ ಮೊದಲೇ ಆಸೆಪಡಬಹುದು.

ಉಳಿದವರಿಗೆಲ್ಲ ಚುನಾವಣೆಯೇ ಫ್ಲೈಯಿಂಗ್ ಕ್ಲಬ್. ಐದು ವರ್ಷಕ್ಕೊಮ್ಮೆ ಬಯಲಿನಲ್ಲಿ ಸುಣ್ಣದಿಂದ ದುಂಡನೆಯ ಗುರುತು ಬರೆದು ನೀರು ಹೊಡೆದಿರುತ್ತಾರೆ. ಹೆಲಿಕಾಪ್ಟರ್ ಬರುತ್ತದೆ, ಧೂಳಿನಲ್ಲಿ ರುಮಾಲು ಹಾರುತ್ತವೆ. ಭಾಷಣ ಕೇಳಲು ಬಂದವರಿಗಿಂತ ‘ಏರತೈತೋ ಇಲ್ಲೋ ನೋಡೋಣ ತಡೀರಿ’ ಎಂದು ನಿಂತವರೇ ಹೆಚ್ಚು. ತಿಕೋಟಾ, ಬಬಲೇಶ್ವರಗಳ ಎಷ್ಟೋ ಮಂದಿ ಹಾರುವ ಯಂತ್ರವನ್ನು ಹತ್ತಿರದಿಂದ ಮೊದಲು ಕಂಡದ್ದು ಹೀಗೆ. ಯಾವ ಪಕ್ಷದ ಹೆಲಿಕಾಪ್ಟರ್ ಎಂಬುದು ನೆನಪಿರುವುದಿಲ್ಲ, ಬಣ್ಣ ನೆನಪಿರುತ್ತದೆ.

ಎಂಬತ್ತರ ದಶಕದ ಹೊತ್ತಿಗೆ ದೇಶದ ಕ್ಲಬ್ಬುಗಳೇ ಸೊರಗತೊಡಗಿದ್ದವು. 1985ರ ಸುಮಾರಿಗೆ ಕೇಂದ್ರ ಸರ್ಕಾರ ರಾಯಬರೇಲಿ ಬಳಿಯ ಫುರ್ಸತ್‌ಗಂಜಿನಲ್ಲಿ ದೊಡ್ಡ ಅಕಾಡೆಮಿ ಕಟ್ಟಿತು. ಗಮನವೂ ಹಣವೂ ಆ ಕಡೆಗೆ ಹರಿದವು. ಸಣ್ಣ ವಿಮಾನಗಳು ಕುಡಿಯುವ ಆವ್‌ಗ್ಯಾಸ್ ಪೆಟ್ರೋಲನ್ನು ಹೊರದೇಶದಿಂದ ತರಬೇಕಿತ್ತು. ಇಂಡಿಯನ್ ಆಯಿಲ್ ಅದನ್ನು ವಡೋದರಾದಲ್ಲಿ ತಯಾರಿಸಿ ಮಾರತೊಡಗಿದ್ದೇ 2022ರಲ್ಲಿ. ಪುಷ್ಪಕ್‌ಗಳು ಹಳತಾದವು, ಬದಲಿಗೆ ದೇಶದೊಳಗೆ ಅಷ್ಟು ಅಗ್ಗದ ವಿಮಾನ ಮತ್ತೆ ಬರಲಿಲ್ಲ. ಅವುಗಳ ಜಾಗಕ್ಕೆ ಬಂದ ಸೆಸ್ನಾ ವಿಮಾನಕ್ಕೆ ಬಿಡಿಭಾಗವೂ ಡಾಲರಿನ ಲೆಕ್ಕ.

ಜಕ್ಕೂರಿಗೂ ಏಳುಬೀಳು ತಪ್ಪಲಿಲ್ಲ. ಅದೇ ಬಯಲಿನಿಂದ ಕ್ಯಾಪ್ಟನ್ ಗೋಪಿನಾಥ್ 1997ರಲ್ಲಿ ಹೆಲಿಕಾಪ್ಟರ್ ಕಂಪನಿ ಶುರು ಮಾಡಿದರು. 2003ರ ಆಗಸ್ಟಿನಲ್ಲಿ ಅವರ ಏರ್ ಡೆಕ್ಕನ್ ಬೆಂಗಳೂರಿನಿಂದ ಹುಬ್ಬಳ್ಳಿಗೆ ಹಾರಿದಾಗ ಉತ್ತರ ಕರ್ನಾಟಕದವರಿಗೆ ವಿಮಾನದ ಟಿಕೆಟ್ ಎನ್ನುವುದು ಕೈಗೆಟಕುವ ವಸ್ತು ಅನ್ನಿಸಿತು. ಆದರೆ ಜಕ್ಕೂರಿನ ಸರ್ಕಾರಿ ಶಾಲೆಯಲ್ಲಿ ಮುಖ್ಯ ಬೋಧಕರಿಲ್ಲದೆ ತರಬೇತಿ ನಿಂತ ಕಾಲವೂ ಇದೆ. ಊರು ಬೆಳೆದು ಸುತ್ತ ಅಪಾರ್ಟ್‌ಮೆಂಟುಗಳು ಎದ್ದವು. ವಿಮಾನ ನಿಲ್ದಾಣದ ದಾರಿಯಲ್ಲಿ ಎದ್ದ ಮೇಲ್ಸೇತುವೆ, ಆಮೇಲೆ ಮೆಟ್ರೋ, ಮೊದಲೇ ಒಂದು ಕಿಲೋಮೀಟರ್ ಮುಟ್ಟದ ಆ ರನ್‌ವೇಯ ಮೇಲೆ ಒತ್ತಿಕೊಂಡು ಬಂದವು. ಇನ್ನೂರು ಎಕರೆಗೂ ಮಿಕ್ಕ ಆ ಜಾಗದ ಇಂದಿನ ಬೆಲೆ ನೆನೆದರೆ ಅದು ಇನ್ನೂ ವಿಮಾನದ ಬಯಲಾಗಿಯೇ ಉಳಿದದ್ದು ಪವಾಡ. ಹಣ ಕೊಟ್ಟರೆ ಮೈಕ್ರೋಲೈಟ್‌ನಲ್ಲಿ ಕೂರಿಸಿ ಒಂದು ಸುತ್ತು ತೋರಿಸುವವರೂ ಅಲ್ಲಿದ್ದಾರೆ.

ವಿಮಾನ ನಮ್ಮ ಕಡೆಗೆ ಬಂದದ್ದು ತೀರ ಈಚೆಗೆ, ಅದೂ ಬೇರೆ ವೇಷದಲ್ಲಿ. 2019ರ ನವೆಂಬರ್ 22ರಂದು ಕಲಬುರಗಿ ವಿಮಾನ ನಿಲ್ದಾಣ ಉದ್ಘಾಟನೆಯಾಯಿತು. 2021ರಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರ ದೇಶದ ಐದು ನಿಲ್ದಾಣಗಳಲ್ಲಿ ಖಾಸಗಿ ತರಬೇತಿ ಸಂಸ್ಥೆಗಳಿಗೆ ಜಾಗ ಹಂಚಿದಾಗ ಅದರಲ್ಲಿ ಎರಡು ಕರ್ನಾಟಕದವು, ಬೆಳಗಾವಿ ಮತ್ತು ಕಲಬುರಗಿ. ಮೋಡ ಕಡಿಮೆ, ದಟ್ಟಣೆ ಕಡಿಮೆ, ಕೆಳಗೆ ಬಯಲು. ಯಾವ ಗುಣಗಳು ಒಂದು ಕಾಲದಲ್ಲಿ ಯಾರಿಗೂ ಬೇಡವಾಗಿದ್ದವೋ ಅವೇ ಈಗ ಬಂಡವಾಳ. 2023ರ ಮೇ 30ರಂದು ಬೆಳಗಾವಿ ಬಳಿಯ ಹೊನ್ನಿಹಾಳದ ಹೊಲವೊಂದರಲ್ಲಿ ತರಬೇತಿ ವಿಮಾನ ತುರ್ತಾಗಿ ಇಳಿಯಿತು. ಒಳಗಿದ್ದ ಇಬ್ಬರೂ ಸಣ್ಣಪುಟ್ಟ ಗಾಯದೊಂದಿಗೆ ಪಾರಾದರು. ಬಯಲು ಸೀಮೆಯ ಉಪಕಾರ ಇದು ಎಂದರೆ ತಪ್ಪಲ್ಲ.

ಆದರೆ ಈ ತರಬೇತಿ ಸಂಸ್ಥೆಗಳು ಕ್ಲಬ್ಬುಗಳಲ್ಲ, ಶುಲ್ಕದ ಕಾಲೇಜುಗಳು. ಹದಿನಾರು ತುಂಬಿದವರು ವಿದ್ಯಾರ್ಥಿ ಲೈಸೆನ್ಸ್ ಪಡೆಯಬಹುದು ಎಂದು ನಿಯಮ ಹೇಳುತ್ತದೆ. ವಾಣಿಜ್ಯ ಲೈಸೆನ್ಸಿಗೆ 200 ಗಂಟೆ ಹಾರಾಟ ಬೇಕು. ಅದರಲ್ಲಿ ನೂರು ಗಂಟೆ ತಾನೇ ಮುಖ್ಯ ಪೈಲಟ್ ಆಗಿ, ಒಂದು ಸಲವಾದರೂ 300 ನಾಟಿಕಲ್ ಮೈಲಿಯ ದೂರ ಪ್ರಯಾಣ, ನಡುವೆ ಬೇರೆ ಎರಡು ನಿಲ್ದಾಣಗಳಲ್ಲಿ ಇಳಿದು. ಎಲ್ಲ ಸೇರಿ ಖರ್ಚು ಅರ್ಧ ಕೋಟಿಯ ಆಸುಪಾಸು. ತಿಕೋಟಾದ ದ್ರಾಕ್ಷಿ ತೋಟದವರು ಎರಡು ಮೂರು ಒಳ್ಳೆಯ ವರ್ಷ ಒಣದ್ರಾಕ್ಷಿ ಮಾರಿ ಧೈರ್ಯ ಮಾಡಬಹುದು, ಜೋಳ ಬೆಳೆಯುವವರು ಆ ಮಾತು ಎತ್ತುವುದೂ ಕಷ್ಟ. ಸಾಲ ಮಾಡಿ ಕಲಿತವನು ಏರ್‌ಲೈನ್ ನೌಕರಿಯ ಹೊರತು ಬೇರೆ ಯೋಚಿಸಲಾರ. ರವಿವಾರ ಬೆಳಿಗ್ಗೆ ಸುಮ್ಮನೆ ಒಂದು ಸುತ್ತು ಹಾರಿ ಬಂದು ಚಹಾ ಕುಡಿಯುತ್ತ ಗಾಳಿಯ ಬಗ್ಗೆ ಜಗಳವಾಡುವ ಸದಸ್ಯ ಈ ಲೆಕ್ಕದಲ್ಲಿ ಎಲ್ಲೂ ಕಾಣುವುದಿಲ್ಲ.

ಇನ್ನು ನಮ್ಮ ಸ್ವಂತ ನಿಲ್ದಾಣ. ವಿಜಯಪುರದ ಹತ್ತಿರ ಬುರಣಾಪುರ–ಮದಭಾವಿಯಲ್ಲಿ 727 ಎಕರೆ ಹೊಲ ಇದಕ್ಕಾಗಿ ಹೋಗಿ ಹದಿನೈದು ವರ್ಷದ ಮೇಲಾಯಿತು. ಮೊದಲು ಖಾಸಗಿ ಪಾಲುದಾರಿಕೆಯಲ್ಲಿ ಕಟ್ಟುವ ಯೋಜನೆ ಬಿದ್ದುಹೋಯಿತು. 2021ರ ಫೆಬ್ರವರಿಯಲ್ಲಿ ಮುಖ್ಯಮಂತ್ರಿ ಯಡಿಯೂರಪ್ಪ ಮತ್ತೆ ಅಡಿಗಲ್ಲು ಹಾಕಿದರು. ಎಟಿಆರ್-72 ಇಳಿಯಲಿ ಎಂದು ಹೊರಟ ರನ್‌ವೇ ಎ-320 ಇಳಿಯುವಷ್ಟು ಬೆಳೆಯಿತು, ವೆಚ್ಚ ಮುನ್ನೂರು ಕೋಟಿ ದಾಟಿತು. 2023ರಲ್ಲಿ ಬಬಲೇಶ್ವರದ ಶಾಸಕ ಎಂ.ಬಿ. ಪಾಟೀಲರೇ ಮೂಲಸೌಕರ್ಯ ಸಚಿವರಾದರು. ಆಮೇಲೂ ಪರಿಸರ ಅನುಮತಿಯ ತೊಡಕು ಸುಪ್ರೀಂ ಕೋರ್ಟಿನವರೆಗೆ ಎಳೆಯಿತು. ಊರಿನ ಮಾತೆಲ್ಲ ಬೆಂಗಳೂರು, ಮುಂಬಯಿಗೆ ವಿಮಾನ ಯಾವಾಗ ಎಂಬುದರ ಸುತ್ತಲೇ.

ನನ್ನ ಬೇಡಿಕೆ ಅದಕ್ಕಿಂತ ಸಣ್ಣದು. ಪುಷ್ಪಕ್‌ನಂಥ ಎರಡು ಆಸನದ ವಿಮಾನಕ್ಕೆ ಎ-320ರ ರನ್‌ವೇಯಲ್ಲಿ ಕಾಲು ಭಾಗವೂ ಬೇಡ. ಅದನ್ನು ನಿಲ್ಲಿಸಲು ಒಂದು ತಗಡಿನ ಶೆಡ್, ಒಬ್ಬ ಬೋಧಕ, ಒಬ್ಬ ಮೆಕ್ಯಾನಿಕ್, ಸರ್ಕಾರ 1928ರಲ್ಲಿ ಕೊಟ್ಟಂಥ ಒಂದಿಷ್ಟು ಸಹಾಯಧನ. ಹೊಲ ಕೊಟ್ಟ ಮದಭಾವಿ, ಬುರಣಾಪುರದ ಮನೆಗಳ ಮಕ್ಕಳಿಗೆ ಮೊದಲ ಸರದಿ. ತಿಕೋಟಾ, ಬಬಲೇಶ್ವರದ ಹೈಸ್ಕೂಲುಗಳಿಂದ ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ಒಂದು ಬಸ್. ಸಂಸತ್ತಿನಲ್ಲಿ ಪ್ರಶ್ನೆ ಕೇಳುವಷ್ಟು ದೊಡ್ಡ ವಿಷಯವಲ್ಲ ಇದು, ಜಿಲ್ಲಾ ಪಂಚಾಯಿತಿಯ ಒಂದು ಸಭೆಯಲ್ಲಿ ಮುಗಿಯಬಹುದು.